ಕನ್ನಡಿ ಮುಂದಿನ ಗಾಜಿನ ಸೆಟ್ಟು: ಮಾಡಿದವರು ಯಾರು?

ಅಗಲವಾದ ಒಂದು ಗಾಜಿನ ತಟ್ಟೆ. ಅದರ ಮೇಲೆ ಮುಚ್ಚಳವಿರುವ ಪೌಡರ್ ಡಬ್ಬಿ, ಮೇಣದಬತ್ತಿಯ ಎರಡು ಸ್ಟ್ಯಾಂಡುಗಳು, ಪಿನ್ನು ಗುಂಡಿಗಳನ್ನು ಹಾಕಿಡಲು ಒಂದೆರಡು ಪುಟ್ಟ ಬಟ್ಟಲು, ಉಂಗುರ ಸಿಕ್ಕಿಸಲು ಕವಲೊಡೆದ ಒಂದು ಗೂಟ, ಕೆಲವೊಮ್ಮೆ ಸೆಂಟಿನ ಸೀಸೆ. ಎಲ್ಲವೂ ಒಂದೇ ಬಣ್ಣ, ಒಂದೇ ವಿನ್ಯಾಸ. 1920 ಮತ್ತು 30ರ ದಶಕಗಳಲ್ಲಿ ಬ್ರಿಟನ್ನಿನ ಸಾಧಾರಣ ಮನೆಗಳ ಮಲಗುವ ಕೋಣೆಯಲ್ಲಿ, ಕನ್ನಡಿಯ ಮುಂದೆ ಇಂಥ ಸೆಟ್ಟುಗಳು ಕೂತಿರುತ್ತಿದ್ದವು. ಆಗಲೇ ಎಷ್ಟೋ ಮನೆಗಳಿಗೆ ವಿದ್ಯುತ್ ದೀಪ ಬಂದಿತ್ತು, ಆದರೂ ಮೇಣದಬತ್ತಿಯ ಸ್ಟ್ಯಾಂಡು ಸೆಟ್ಟಿನಿಂದ ಕೆಳಗಿಳಿಯಲಿಲ್ಲ. ಹಳೆಯ ಅಭ್ಯಾಸ ಅಲಂಕಾರವಾಗಿ ಉಳಿದುಕೊಂಡಿತು.

ಇವತ್ತು ಅವೇ ಸೆಟ್ಟುಗಳು ಅಲ್ಲಿನ ಹಳೆ ಸಾಮಾನಿನ ಸಂತೆಗಳಲ್ಲಿ, ಹರಾಜು ಮನೆಗಳಲ್ಲಿ, ಆನ್‌ಲೈನ್ ಮಾರುಕಟ್ಟೆಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಜೊತೆಗೊಂದು ಚೀಟಿಯೂ ಇರುತ್ತದೆ: ‘ಆರ್ಟ್ ಡೆಕೊ, ಬ್ಯಾಗ್ಲಿ’, ‘ಆರ್ಟ್ ಡೆಕೊ, ಡೇವಿಡ್‌ಸನ್’, ‘ಬೊಹೆಮಿಯ’. ಆರ್ಟ್ ಡೆಕೊ ಆ ಕಾಲದ ಅಲಂಕಾರ ಶೈಲಿ, ಬ್ಯಾಗ್ಲಿ ಮತ್ತು ಡೇವಿಡ್‌ಸನ್ ಇಂಗ್ಲೆಂಡಿನ ಗಾಜಿನ ಕಾರ್ಖಾನೆಗಳು, ಬೊಹೆಮಿಯ ಇಂದಿನ ಜೆಕ್ ದೇಶದ ಒಂದು ಭಾಗ. ಇಂಥ ಚೀಟಿಯನ್ನು ನಾನು ಮಾರುವವರ ಆಸೆ ಎಂದು ಓದಿಕೊಳ್ಳುತ್ತೇನೆ, ಸಾಕ್ಷ್ಯ ಎಂದಲ್ಲ. ತಟ್ಟೆಯನ್ನು ಬೋರಲು ಹಾಕಿ ನೋಡಿದರೆ ಬಹಳಷ್ಟು ಬಾರಿ ಹೆಸರೂ ಇರುವುದಿಲ್ಲ, ಮುದ್ರೆಯೂ ಇರುವುದಿಲ್ಲ. ಹಾಗಿದ್ದರೆ ಮಾಡಿದವರನ್ನು ಪತ್ತೆ ಹಚ್ಚುವುದು ಹೇಗೆ? ಅದಕ್ಕೆ ಮೊದಲು ‘ಮಾಡಿದವರು’ ಎಂದರೆ ಯಾರು ಎಂಬುದನ್ನು ಬಿಡಿಸಿಕೊಳ್ಳಬೇಕು. ವಿನ್ಯಾಸ ಬರೆದವರು ಒಬ್ಬರು, ಅಚ್ಚಿನ ಒಡೆಯರು ಇನ್ನೊಬ್ಬರು, ಗಾಜು ಒತ್ತಿದವರು ಮತ್ತೊಬ್ಬರು, ತಮ್ಮ ಹೆಸರಿನಲ್ಲಿ ಮಾರಿದವರು ಮಗದೊಬ್ಬರು ಆಗಿರಬಹುದು. ಈ ನಾಲ್ಕನ್ನೂ ಒಂದೇ ಹೆಸರಿನೊಳಗೆ ತುರುಕಲು ಹೋಗುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಅಚ್ಚಿನ ಕಥೆ

ಕರಗಿದ ಗಾಜನ್ನು ಯಂತ್ರದಿಂದ ಅಚ್ಚಿಗೆ ಒತ್ತುವ ಪದ್ಧತಿ 1820ರ ದಶಕದಲ್ಲಿ ಅಮೆರಿಕದಲ್ಲಿ ಬಲಿಯಿತು. ಅಲ್ಲಿಂದ ಇಂಗ್ಲೆಂಡಿಗೂ ಯುರೋಪಿನ ಉಳಿದ ಭಾಗಗಳಿಗೂ ಹರಡಿತು. ಕೆಲಸಗಾರ ಕುಲುಮೆಯಿಂದ ಕಬ್ಬಿಣದ ಸರಳಿನ ತುದಿಯಲ್ಲಿ ಗಾಜಿನ ಮುದ್ದೆಯನ್ನು ಎತ್ತಿ ತಂದು ಕಬ್ಬಿಣದ ಅಚ್ಚಿನ ಮೇಲೆ ಹಿಡಿಯುತ್ತಾನೆ. ಇನ್ನೊಬ್ಬ ಬೇಕಾದಷ್ಟು ಗಾಜು ಇಳಿದ ಕೂಡಲೇ ಕತ್ತರಿಯಿಂದ ತುಂಡರಿಸುತ್ತಾನೆ. ಸನ್ನೆಕೋಲನ್ನು ಎಳೆದಾಗ ಮೇಲಿನಿಂದ ಪ್ಲಂಜರ್, ಅಂದರೆ ಒತ್ತುವ ದಿಂಡು, ಇಳಿದು ಗಾಜನ್ನು ಅಚ್ಚಿನ ಸಂದುಗೊಂದಿಗಳಿಗೆಲ್ಲ ನುಗ್ಗಿಸುತ್ತದೆ. ಹೊರಮೈಯ ಚಿತ್ತಾರ ಅಚ್ಚಿನದು, ಒಳಮೈಯ ಆಕಾರ ಪ್ಲಂಜರಿನದು. ಊದಿ ಮಾಡಿದ ಪಾತ್ರೆಯಲ್ಲಿ ಹೊರಗಿನ ಉಬ್ಬುತಗ್ಗು ಒಳಗೂ ಕೈಗೆ ಸಿಗುತ್ತದೆ. ಒತ್ತಿದ ಪಾತ್ರೆಯ ಒಳಗೆ ಬೆರಳಾಡಿಸಿದರೆ ಸಾಮಾನ್ಯವಾಗಿ ನುಣುಪಾಗಿರುತ್ತದೆ.

ಚಿತ್ತಾರವಿರುವ ಪಾತ್ರೆಯನ್ನು ಹೊರಗೆ ತೆಗೆಯಬೇಕಾದರೆ ಅಚ್ಚು ತೆರೆದುಕೊಳ್ಳಬೇಕು. ಅದಕ್ಕಾಗಿ ಅಚ್ಚನ್ನು ಎರಡು, ಮೂರು ಅಥವಾ ನಾಲ್ಕು ಭಾಗಗಳಲ್ಲಿ ಮಾಡುತ್ತಾರೆ. ಆ ಭಾಗಗಳು ಕೂಡುವ ಕಡೆ ಗಾಜಿನ ಮೇಲೆ ಸಣ್ಣ ಏಣು ಉಳಿಯುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಆನೆ ಕುದುರೆಗಳ ಬೆನ್ನ ಮೇಲೆ ಎದ್ದು ಕಾಣುವ ಗೆರೆಯಂತೆಯೇ ಇದು. ಈ ಗೆರೆಗಳನ್ನು ಎಣಿಸುವುದು ಪತ್ತೆದಾರಿಕೆಯ ಮೊದಲ ಪಾಠ. ಒಂದೇ ಚಿತ್ತಾರದ ಎರಡು ಡಬ್ಬಿಗಳಲ್ಲಿ ಒಂದಕ್ಕೆ ಮೂರು ಗೆರೆ, ಇನ್ನೊಂದಕ್ಕೆ ನಾಲ್ಕು ಗೆರೆ ಇದ್ದರೆ ಅವು ಒಂದೇ ಅಚ್ಚಿನಿಂದ ಬಂದಿಲ್ಲ. ಒಂದು ಇನ್ನೊಂದರ ನಕಲಾಗಿರಬಹುದು, ಅಥವಾ ಒಂದೇ ಕಾರ್ಖಾನೆ ಎರಡನೆಯ ಅಚ್ಚನ್ನು ಮಾಡಿಸಿರಬಹುದು. ಆದರೆ ತೂಕದ ವ್ಯತ್ಯಾಸಕ್ಕೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ಕತ್ತರಿ ಹಿಡಿದವನ ಅಂದಾಜು ಸ್ವಲ್ಪ ಹೆಚ್ಚಾದರೆ ತಳ ದಪ್ಪವಾಗುತ್ತದೆ, ಅಷ್ಟೇ.

ಈ ಉದ್ಯಮದಲ್ಲಿ ದುಬಾರಿಯಾದದ್ದು ಅಚ್ಚು, ಗಾಜಲ್ಲ. ಕಬ್ಬಿಣದಲ್ಲಿ ಅಷ್ಟು ನವಿರಾದ ಚಿತ್ತಾರ ಕೊರೆಯಲು ನುರಿತ ಕೈ ಬೇಕು, ಸಮಯ ಬೇಕು. ಏಳೆಂಟು ಪಾತ್ರೆಗಳ ಸೆಟ್ಟಿಗೆ ಅಷ್ಟೂ ಬೇರೆ ಬೇರೆ ಅಚ್ಚುಗಳು ಬೇಕು. ಹಾಕಿದ ಹಣ ಹಿಂತಿರುಗಬೇಕಾದರೆ ಸಾವಿರಗಟ್ಟಲೆ ಸೆಟ್ಟುಗಳನ್ನು ಒತ್ತಬೇಕು. ಹೀಗಾಗಿ ಅಚ್ಚೇ ಆಸ್ತಿ. ಕಾರ್ಖಾನೆ ಮುಳುಗಿದರೂ ಅಚ್ಚು ಉಳಿಯುತ್ತದೆ. ಮಾರಾಟವಾಗುತ್ತದೆ, ಕೈ ಬದಲಿಸುತ್ತದೆ, ಇಪ್ಪತ್ತು ವರ್ಷಗಳ ನಂತರ ಬೇರೆ ಊರಿನಲ್ಲಿ ಬೇರೆ ಬಣ್ಣದ ಗಾಜು ಕುಡಿದು ಮತ್ತೆ ಕೆಲಸ ಶುರು ಮಾಡುತ್ತದೆ. ದುಡ್ಡು ಉಳಿಸಲು ಒಂದೇ ಪಿನ್ನಿನ ಬಟ್ಟಲನ್ನು ಎರಡು ಮೂರು ಬೇರೆ ಸೆಟ್ಟುಗಳಿಗೆ ಸೇರಿಸಿದವರೂ ಉಂಟು. ಆದ್ದರಿಂದ ಸೆಟ್ಟಿನ ಗುರುತು ಹಿಡಿಯಲು ಸಣ್ಣ ಬಟ್ಟಲನ್ನು ನೆಚ್ಚಿಕೊಳ್ಳಬಾರದು. ತಟ್ಟೆಯನ್ನು, ಅದು ಇಲ್ಲದಿದ್ದರೆ ಮೇಣದಬತ್ತಿಯ ಸ್ಟ್ಯಾಂಡನ್ನು ಮೊದಲು ನೋಡಬೇಕು.

ಮುದ್ರೆ ಹೇಳುವುದು, ಹೇಳದಿರುವುದು

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಅಚ್ಚಿನ ಗಾಜಿನಲ್ಲಿ ಮುದ್ರೆಗಳು ಸಾಕಷ್ಟು ಸಿಗುತ್ತವೆ. ಗೇಟ್ಸ್‌ಹೆಡ್‌ನ ಸವರ್‌ಬಿ 1876ರಿಂದ ನವಿಲಿನ ತಲೆಯ ಗುರುತು ಹಾಕಿತು. ಅದೇ ಊರಿನ ಡೇವಿಡ್‌ಸನ್ ಕೋಟೆಯ ಗೋಪುರದಿಂದ ಎದ್ದ ಸಿಂಹವನ್ನು ಹಾಕಿತು. ಸಂಡರ್‌ಲೆಂಡಿನ ಗ್ರೀನರ್‌ನದೂ ಸಿಂಹವೇ, ಆದರೆ ಅದರ ಪಂಜದಲ್ಲಿ ಮೊದಲು ನಕ್ಷತ್ರ, ಆಮೇಲೆ ಕೊಡಲಿ. ದುರದೃಷ್ಟವೆಂದರೆ, ನಾವು ಹುಡುಕುತ್ತಿರುವ ಸೆಟ್ಟುಗಳು ಜನಪ್ರಿಯವಾಗುವ ಹೊತ್ತಿಗೆ ಈ ಅಭ್ಯಾಸ ಹೆಚ್ಚುಕಡಿಮೆ ನಿಂತುಹೋಗಿತ್ತು. ಇದರಲ್ಲಿ ವ್ಯಾಪಾರದ ಲೆಕ್ಕವೂ ಇರಬೇಕು. ಮಾಲು ಹೋಗುತ್ತಿದ್ದದ್ದು ಸಗಟು ವರ್ತಕರ ಮೂಲಕ. ಕಾರ್ಖಾನೆಯ ಹೆಸರು ತಳದಲ್ಲಿ ಕಂಡರೆ ಅಂಗಡಿಯವನು ಮುಂದಿನ ಬಾರಿ ನೇರವಾಗಿ ಕಾರ್ಖಾನೆಗೇ ಬರೆಯುತ್ತಾನೆ. ಅದು ಯಾವ ಸಗಟು ವರ್ತಕನಿಗೆ ಬೇಕು? ಇದ್ದ ಕಾಗದದ ಚೀಟಿಗಳು ಮೊದಲ ಬಾರಿ ತೊಳೆದಾಗಲೇ ಹೋದವು.

ಉಳಿದಿರುವ ಗುರುತುಗಳಲ್ಲಿ ತುಂಬ ಉಪಯುಕ್ತವಾದದ್ದು ಬ್ರಿಟನ್ನಿನ ವಿನ್ಯಾಸ ನೋಂದಣಿ ಸಂಖ್ಯೆ. 1842ರಿಂದ 1883ರವರೆಗೆ ಅಲ್ಲಿ ನೋಂದಣಿಯಾದ ವಿನ್ಯಾಸಗಳ ಮೇಲೆ ವಜ್ರಾಕೃತಿಯ ಚಿಹ್ನೆ ಹಾಕುತ್ತಿದ್ದರು. 1884ರ ಜನವರಿಯಿಂದ ಅದನ್ನು ಬಿಟ್ಟು ಒಂದರಿಂದ ಶುರುವಾಗುವ ಸರಣಿ ಸಂಖ್ಯೆಗೆ ಬಂದರು. ಸಂಖ್ಯೆಗೆ ಮೊದಲು ‘ಆರ್‌ಡಿ’ ಎಂಬ ಎರಡಕ್ಷರ ಇರುತ್ತದೆ. 1920ರ ಆರಂಭಕ್ಕೆ ಈ ಸರಣಿ ಸುಮಾರು 6,73,000 ದಾಟಿತ್ತು. 1930ರಲ್ಲಿ ಸುಮಾರು 7,51,000, 1940ರಲ್ಲಿ ಸುಮಾರು 8,37,000. ಆದ್ದರಿಂದ 7,52,000ದ ಮೇಲಿನ ಸಂಖ್ಯೆಯುಳ್ಳ ತಟ್ಟೆ 1930ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಮೂಲ ದಾಖಲೆ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸಂಖ್ಯೆ ಸ್ಪಷ್ಟವಾಗಿದ್ದರೆ ನೋಂದಣಿ ಮಾಡಿಸಿದವರ ಹೆಸರನ್ನು ಅಲ್ಲಿ ಹುಡುಕಬಹುದು.

ಇಲ್ಲಿ ಬಹಳ ಜನ ಎಡವುವುದು ಎರಡು ಕಡೆ. ಸಂಖ್ಯೆ ಹೇಳುವುದು ವಿನ್ಯಾಸ ನೋಂದಣಿಯಾದ ದಿನವನ್ನು, ಆ ಪಾತ್ರೆ ಒತ್ತಿದ ದಿನವನ್ನಲ್ಲ. ಅಚ್ಚಿನಲ್ಲಿ ಕೊರೆದ ಸಂಖ್ಯೆ ಅಚ್ಚು ಸವೆಯುವವರೆಗೂ ಅಲ್ಲೇ ಇರುತ್ತದೆ. ಎರಡನೆಯದು, ನೋಂದಣಿ ಮಾಡಿಸಿದವರು ತಯಾರಕರೇ ಆಗಿರಬೇಕೆಂದೇನೂ ಇಲ್ಲ. ಆಮದು ವರ್ತಕರೂ ತಮ್ಮ ಹೆಸರಿನಲ್ಲಿ ವಿನ್ಯಾಸಗಳನ್ನು ನೋಂದಾಯಿಸುತ್ತಿದ್ದರು.

ಇದಕ್ಕೆ ‘ಜಾಕೋಬಿಯನ್’ ಎಂಬ ಸರಕಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೊರೆದ ಗಾಜಿನ ಚೌಕಗಳನ್ನು ಅನುಕರಿಸುವ ಈ ವಿನ್ಯಾಸದ ಲೋಟ, ಹೂಜಿ, ಬಟ್ಟಲುಗಳ ಜೊತೆಗೆ ಡ್ರೆಸ್ಸಿಂಗ್ ಟೇಬಲ್ ಸಾಮಾನೂ ಬಂತು. ಅದರ ಮೇಲೆ ಸಿಗುವ ಸಂಖ್ಯೆ 702446. ಸರಣಿಯ ಲೆಕ್ಕದಲ್ಲಿ ಅದು 1923ರ ಕೊನೆಗೆ ಬರುತ್ತದೆ. ಸರಕನ್ನು ಬ್ರಿಟನ್ನಿನಲ್ಲಿ ಮಾರಿದ್ದು ಲಂಡನ್ನಿನ ಕ್ಲೇಟನ್ ಮೇಯರ್ಸ್ ಎಂಬ ವರ್ತಕ ಸಂಸ್ಥೆ. ಅದಕ್ಕೆ ಸ್ವಂತ ಕುಲುಮೆ ಇರಲಿಲ್ಲ. ಗಾಜು ಒತ್ತಿದ್ದು ಜೆಕೊಸ್ಲೊವಾಕಿಯದ ಯೋಸೆಫ್ ಇನ್ವಾಲ್ಡ್ ಸಂಸ್ಥೆ. ಅದರ ದೊಡ್ಡ ಕಾರ್ಖಾನೆ ಟೆಪ್ಲಿಟ್ಸೆ ಬಳಿಯ ದುಬಿಯಲ್ಲಿ ಇತ್ತು. ನಂತರ ಅದೇ ಸರಕನ್ನು ಗೇಟ್ಸ್‌ಹೆಡ್‌ನ ಡೇವಿಡ್‌ಸನ್ ಕೂಡ ಕ್ಲೇಟನ್ ಮೇಯರ್ಸ್‌ಗಾಗಿ ತಯಾರಿಸಿತು. ಕಾಲವೂ ಹಾಗಿತ್ತು. 1932ರಲ್ಲಿ ಬ್ರಿಟನ್ ಹೊರದೇಶದ ಬಹುತೇಕ ಸರಕುಗಳ ಮೇಲೆ ಆಮದು ಸುಂಕ ಹೇರಿತು, ಮಧ್ಯ ಯುರೋಪಿನ ಅಗ್ಗದ ಗಾಜು ಮೊದಲಿನಷ್ಟು ಅಗ್ಗವಾಗಿ ಉಳಿಯಲಿಲ್ಲ. ಒಂದೇ ಸಂಖ್ಯೆ, ಒಂದೇ ವ್ಯಾಪಾರದ ಹೆಸರು, ಎರಡು ದೇಶಗಳ ಕುಲುಮೆ. ಇಂಥ ಪೌಡರ್ ಡಬ್ಬಿಯನ್ನು ಕೈಯಲ್ಲಿ ಹಿಡಿದು ‘ಇದನ್ನು ಮಾಡಿದವರು ಯಾರು’ ಎಂದು ಕೇಳಿದರೆ ಸಂಖ್ಯೆಯೊಂದೇ ಉತ್ತರ ಕೊಡಲಾರದು.

ದೇಶದ ಹೆಸರಿನ ಮುದ್ರೆಯೂ ಅಷ್ಟೇ. ಬಹಳ ಸೆಟ್ಟುಗಳ ತಳದಲ್ಲಿ ಆಮ್ಲದಿಂದ ಒತ್ತಿದ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವ ‘ಜೆಕೊಸ್ಲೊವಾಕಿಯ’ ಎಂಬ ಮಸುಕಾದ ಮುದ್ರೆ ಇರುತ್ತದೆ. ಆ ದೇಶ ಹುಟ್ಟಿದ್ದು 1918ರಲ್ಲಿ, ಆದ್ದರಿಂದ ಪಾತ್ರೆ ಅದಕ್ಕಿಂತ ಹಿಂದಿನದಲ್ಲ ಎಂಬುದು ಖಚಿತ. ಯಾವ ಕಾರ್ಖಾನೆಯದು ಎಂಬುದು ಅದರಿಂದ ತಿಳಿಯುವುದಿಲ್ಲ. ಇನ್ನು ಕೆಲವದರ ಮೇಲೆ ಬರೀ ‘ವಿದೇಶಿ’ ಎಂಬರ್ಥದ ಇಂಗ್ಲಿಷ್ ಪದ ಇರುತ್ತದೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಹೆಸರು ಕಂಡರೆ ಮುಖ ತಿರುಗಿಸುವ ಗಿರಾಕಿಗಳಿದ್ದ ಪೇಟೆಯಲ್ಲಿ ಆ ಪದ ತುಂಬ ಅನುಕೂಲಕರವಾಗಿತ್ತು.

ಯಾರ್ಯಾರಿದ್ದರು

ಇಂಗ್ಲೆಂಡಿನಲ್ಲಿ ಈ ಸೆಟ್ಟುಗಳ ಜೊತೆ ಹೆಚ್ಚಾಗಿ ಕೇಳಿಬರುವ ಹೆಸರು ಬ್ಯಾಗ್ಲಿ. ಯಾರ್ಕ್‌ಷೈರಿನ ನಾಟಿಂಗ್ಲಿಯಲ್ಲಿ 1871ರಲ್ಲಿ ಸೀಸೆ ತಯಾರಿಕೆಗೆಂದು ಶುರುವಾದ ಕಾರ್ಖಾನೆ ಅದು. 1930ರ ದಶಕದಲ್ಲಿ ತಿಳಿ ಹಸಿರು, ನಸುಗೆಂಪು, ಜೇನುಬಣ್ಣ, ನೀಲಿ ಗಾಜನ್ನು ‘ಕ್ರಿಸ್ಟಲ್‌ಟಿಂಟ್’ ಎಂಬ ಹೆಸರಿನಲ್ಲಿ ಮಾರಿತು. ಮೆಟ್ಟಿಲು ಮೆಟ್ಟಿಲಾದ ರೇಖೆಗಳ ‘ವಿಂಡಮ್’ ಅದರ ಹೆಸರಾಂತ ವಿನ್ಯಾಸ. ಹೊರಗಿನ ವಿನ್ಯಾಸಕಾರ ಅಲೆಕ್ಸಾಂಡರ್ ಹಾರ್ಡಿ ವಿಲಿಯಮ್ಸನ್ ಕೂಡ ಅದಕ್ಕೆ ಕೆಲಸ ಮಾಡಿಕೊಟ್ಟರು. ಬ್ಯಾಗ್ಲಿಯ ಹೆಸರು ಪ್ರಸಿದ್ಧವಾಗಿರುವುದರಿಂದಲೇ ಅಪ್ಪ ಅಮ್ಮ ಇಲ್ಲದ ಪ್ರತಿ ಹಸಿರು ಸೆಟ್ಟನ್ನೂ ಅದರ ತಲೆಗೆ ಕಟ್ಟುವ ಚಾಳಿ ಬೆಳೆದಿದೆ.

ಡೇವಿಡ್‌ಸನ್‌ನ ಹೆಗ್ಗುರುತು 1923ರಲ್ಲಿ ನೇರಳೆ ಬಣ್ಣದಲ್ಲಿ ಬಂದ ‘ಕ್ಲೌಡ್’ ಗಾಜು. ತಿಳಿ ಗಾಜಿಗೆ ಗಾಢ ಬಣ್ಣದ ಗಾಜಿನ ಎಳೆಗಳನ್ನು ಸೇರಿಸಿ ಒತ್ತಿದಾಗ ಹೊಗೆ ಸುಳಿದಂಥ ಪಟ್ಟೆಗಳು ಮೂಡುತ್ತವೆ. ಎರಡು ತುಂಡುಗಳಲ್ಲಿ ಪಟ್ಟೆ ಒಂದೇ ಥರ ಬರುವುದಿಲ್ಲ. ಇದನ್ನು ಕಂಡ ತಕ್ಷಣ ಡೇವಿಡ್‌ಸನ್ ಎನ್ನುವವರು, ಜರ್ಮನಿಯ ವಾಲ್ಟರ್ ಕಾರ್ಖಾನೆಯೂ ಇಂಥದೇ ಗಾಜನ್ನು ತಯಾರಿಸಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ವಾಲ್ಟರ್ ಇದ್ದದ್ದು ಡ್ರೆಸ್ಡೆನ್ ಬಳಿಯ ಒಟ್ಟೆನ್‌ಡಾರ್ಫ್-ಒಕ್ರಿಲ್ಲಾದಲ್ಲಿ. ಮೈಸೆನ್ ಹತ್ತಿರದ ಬ್ರಾಕ್‌ವಿಟ್ಸ್ ಇನ್ನೊಂದು ದೈತ್ಯ ಕಾರ್ಖಾನೆ. ಅದರ ಒಂದು ಜನಪ್ರಿಯ ನಕ್ಷತ್ರದ ವಿನ್ಯಾಸ ಸ್ವೀಡನ್ನಿನ ಎಡಾ ಮತ್ತು ಫಿನ್ಲೆಂಡಿನ ಕಾರ್‌ಹುಲಾ ಕಾರ್ಖಾನೆಗಳಿಂದಲೂ ಹೊರಬಂದಿದೆ. ಅಚ್ಚು ಪ್ರಯಾಣ ಮಾಡಿತೋ ಕಣ್ಣು ಪ್ರಯಾಣ ಮಾಡಿತೋ, ಗೆರೆಗಳನ್ನೂ ಕಡ್ಡಿಗಳನ್ನೂ ಎಣಿಸಿ ಅಳೆದರೆ ಮಾತ್ರ ಹೇಳಬಹುದು.

ಜೆಕ್ ನೆಲದ ಪಟ್ಟಿ ಉದ್ದವಿದೆ. ಇನ್ವಾಲ್ಡ್ ಆಯಿತು. ಜೆಲೆಜ್ನಿ ಬ್ರಾಡ್‌ನಲ್ಲಿ ರುಡಾಲ್ಫ್ ಹ್ಲೌಶೆಕ್, ಟೆಪ್ಲಿಟ್ಸೆ ಸುತ್ತ ರಿಂಡ್ಸ್‌ಕಾಪ್, ಜೊತೆಗೆ ಲಿಬೊಖೊವಿಟ್ಸೆಯ ಕಾರ್ಖಾನೆ. ಇವರೆಲ್ಲರಿಗಿಂತ ಬೇರೆಯಾಗಿ ನಿಲ್ಲುವುದು ಯಾಬ್ಲೊನೆಟ್ಸ್. ಜರ್ಮನ್ನರ ಬಾಯಲ್ಲಿ ಅದು ಗಾಬ್ಲೊನ್ಸ್. ಕನ್ನಡಿಗರಿಗೆ ಈ ಊರಿನ ಹೆಸರು ಹೊಸದಾದರೂ ಅದರ ಸರಕು ಹೊಸದಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಭಾರತದ ಪೇಟೆಗಳಿಗೆ ಗಾಜಿನ ಬಳೆಗಳನ್ನು ರಾಶಿರಾಶಿಯಾಗಿ ಕಳಿಸುತ್ತಿದ್ದ ಊರು ಅದು. ಯುದ್ಧದಲ್ಲಿ ಆ ದಾರಿ ಮುಚ್ಚಿದ್ದು ಉತ್ತರ ಪ್ರದೇಶದ ಬಳೆಗಳ ಊರು ಫಿರೋಜಾಬಾದಿಗೆ ವರವಾಯಿತು. ಅದೇ ಯಾಬ್ಲೊನೆಟ್ಸ್‌ನ ವ್ಯಾಪಾರಿ ಹೈನ್ರಿಖ್ ಹಾಫ್ಮನ್, ಆತನ ಅಳಿಯ ಹೆನ್ರಿ ಶ್ಲೆವೋಗ್ಟ್ ಇಬ್ಬರೂ ಸೆಂಟಿನ ಸೀಸೆ, ಪೌಡರ್ ಡಬ್ಬಿಗಳನ್ನು ಶಿಲ್ಪದ ಮಟ್ಟಕ್ಕೆ ಒಯ್ದರು. ಶ್ಲೆವೋಗ್ಟ್ 1934ರಲ್ಲಿ ಲೈಪ್ಸಿಗ್ ಮೇಳದಲ್ಲಿ ‘ಇಂಗ್ರಿಡ್’ ಎಂಬ ಮಾಲಿಕೆಯನ್ನು ಹೊರತಂದ. ಮಗಳ ಹೆಸರು ಅದು. ಮ್ಯಾಲಕೈಟ್ ಎಂಬ ಹಸಿರು ಕಲ್ಲಿನ ಹಾಗೆ ಸುಳಿಸುಳಿಯಾದ ಗಾಜಿನಲ್ಲಿ ಬೆತ್ತಲೆ ಮೂರ್ತಿಗಳು, ದ್ರಾಕ್ಷಿ ಗೊಂಚಲುಗಳು. ಇಲ್ಲೂ ಕುಲುಮೆ ಶ್ಲೆವೋಗ್ಟ್‌ನದಲ್ಲ, ಗಾಜು ಬಂದದ್ದು ಪೊಲುಬ್ನಿಯ ರೀಡೆಲ್ ಕಾರ್ಖಾನೆಯಿಂದ.

ಅಮೆರಿಕದ್ದು ಬೇರೆಯದೇ ಲೋಕ. ಅಲ್ಲಿನ ಸೆಟ್ಟುಗಳ ಕ್ಯಾಟಲಾಗುಗಳು ಚೆನ್ನಾಗಿ ಉಳಿದಿವೆ, ಸಂಗ್ರಾಹಕರ ಪಡೆಯೂ ದೊಡ್ಡದು. ಅದನ್ನಿಲ್ಲಿ ಬಿಡುತ್ತೇನೆ.

ಬಣ್ಣವೆಂಬ ಮೋಸಗಾರ

ಅನುಭವವಿಲ್ಲದವರು ಮೊದಲು ನಂಬುವುದು ಬಣ್ಣವನ್ನು, ಅನುಭವವಿದ್ದವರು ಕೊನೆಗೆ ನೋಡುವುದು ಬಣ್ಣವನ್ನು. ಕಾರಣ ಸರಳ: ಬಣ್ಣ ಕೊಡುವ ಲೋಹದ ಪುಡಿಗಳು ಎಲ್ಲ ಕಾರ್ಖಾನೆಗಳಿಗೂ ಸಿಗುತ್ತಿದ್ದವು. ನೇರಳಾತೀತ ಟಾರ್ಚು ಹಿಡಿದಾಗ ಕಡುಹಸಿರಾಗಿ ಉರಿಯುವ ಗಾಜಿನಲ್ಲಿ ಯುರೇನಿಯಂ ಇದೆ ಎಂಬುದು ನಿಜ. ಅದರಾಚೆ ಆ ಹೊಳಪು ಏನನ್ನೂ ಹೇಳುವುದಿಲ್ಲ. ಬೊಹೆಮಿಯದ ಯಾಖಿಮೊವ್ ಗಣಿಯ ಅದಿರು, ಅಂದರೆ ಮುಂದೆ ಕ್ಯೂರಿ ದಂಪತಿಗೆ ರೇಡಿಯಂ ದಕ್ಕಿಸಿದ ಅದಿರು, ಹತ್ತೊಂಬತ್ತನೆಯ ಶತಮಾನದಲ್ಲೇ ಗಾಜಿಗೆ ಬಣ್ಣ ಕೊಡುವ ಯುರೇನಿಯಂ ಪುಡಿಯ ಮೂಲವಾಗಿತ್ತು. ಬ್ಯಾಗ್ಲಿಯೂ ಯುರೇನಿಯಂ ಬಳಸಿತು, ಜರ್ಮನ್ನರೂ ಬಳಸಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದು ಸರ್ಕಾರಗಳ ಬಿಗಿಮುಷ್ಟಿಗೆ ಹೋಯಿತು. ಹೀಗಾಗಿ ಕಾಲ ಅಂದಾಜಿಸಲು ಟಾರ್ಚು ಸ್ವಲ್ಪ ಸಹಾಯ ಮಾಡೀತು, ಕಾರ್ಖಾನೆ ಹಿಡಿಯಲು ಅಲ್ಲ. ಮ್ಯಾಂಗನೀಸ್ ಇರುವ ಗಾಜೂ ಮಂದವಾಗಿ ಹಸಿರು ಹೊಳೆಯುತ್ತದೆ ಎಂಬುದನ್ನು ಮಾರಾಟಗಾರರು ಅನುಕೂಲಕ್ಕೆ ತಕ್ಕಂತೆ ಮರೆಯುತ್ತಾರೆ.

ಹಗಲಿನಲ್ಲಿ ನಸುನೇರಳೆ, ಟ್ಯೂಬ್‌ಲೈಟಿನ ಕೆಳಗೆ ನೀಲಿಯಾಗುವ ಗಾಜೂ ಉಂಟು. ಅದರಲ್ಲಿರುವುದು ನಿಯೋಡಿಮಿಯಂ. ಕಣ್ಣಿಗೆ ಅದು ಜಾದೂ, ಪತ್ತೆದಾರಿಕೆಗೆ ಅಷ್ಟಕ್ಕಷ್ಟೇ. ಮಬ್ಬು ಮೈಯೂ ಅಷ್ಟೇ. ಒಂದೇ ಸೆಟ್ಟನ್ನು ಹೊಳಪಾಗಿಯೂ ಆಮ್ಲದಿಂದ ಮಬ್ಬು ಮಾಡಿಯೂ ಮಾರುತ್ತಿದ್ದರು.

ತಳವನ್ನು ಹೇಗೆ ಮುಗಿಸಿದ್ದಾರೆ ಎಂಬುದು ಬಣ್ಣಕ್ಕಿಂತ ಹೆಚ್ಚು ಮಾತಾಡುತ್ತದೆ. ಬೊಹೆಮಿಯದ ಹಲವು ಸೆಟ್ಟುಗಳಲ್ಲಿ ತಳದ ಅಂಚನ್ನು ಉಜ್ಜಿ, ಮಟ್ಟಸ ಮಾಡಿ, ಪಾಲಿಶ್ ಹಾಕಿರುತ್ತಾರೆ. ಅಗ್ಗದ ಸೆಟ್ಟುಗಳು ಅಚ್ಚಿನಿಂದ ಬಂದ ಹಾಗೆಯೇ ಅಂಗಡಿಗೆ ಹೋದವು. ಇದು ಕಟ್ಟುನಿಟ್ಟಿನ ನಿಯಮವಲ್ಲ, ಆದರೆ ಹುಡುಕಾಟ ಯಾವ ದಿಕ್ಕಿನಲ್ಲಿ ಶುರುವಾಗಬೇಕು ಎಂಬುದಕ್ಕೆ ಸಾಕು.

ಕ್ಯಾಟಲಾಗು ಎಂಬ ಸುಪ್ರೀಂ ಕೋರ್ಟು

ಕೊನೆಗೆ ತೀರ್ಪು ಕೊಡುವುದು ಕಾರ್ಖಾನೆಯ ಹಳೆಯ ಕ್ಯಾಟಲಾಗು. ಅದರಲ್ಲಿ ಚಿತ್ರ, ಮಾದರಿ ಸಂಖ್ಯೆ, ಅಳತೆ ಮೂರೂ ಇರುತ್ತವೆ. ಕಳೆದ ಕೆಲವು ದಶಕಗಳಲ್ಲಿ ಜರ್ಮನಿ, ಜೆಕ್ ದೇಶ, ಬ್ರಿಟನ್ನಿನ ಆಸಕ್ತರು ಅಟ್ಟದ ಮೇಲಿಂದ, ಹರಾಜಿನಿಂದ, ವಸ್ತುಸಂಗ್ರಹಾಲಯಗಳ ಕಪಾಟಿನಿಂದ ಇಂಥ ಕ್ಯಾಟಲಾಗುಗಳನ್ನು ಹೆಕ್ಕಿ ತೆಗೆದು ಸ್ಕ್ಯಾನ್ ಮಾಡಿದ್ದಾರೆ. ಅಮೆರಿಕದ ಕಾರ್ನಿಂಗ್ ಗಾಜಿನ ವಸ್ತುಸಂಗ್ರಹಾಲಯದ ಗ್ರಂಥಾಲಯದಲ್ಲೂ ದೊಡ್ಡ ಸಂಗ್ರಹವಿದೆ. ಇಂಗ್ಲಿಷ್ ಎಂದುಕೊಂಡಿದ್ದ ಎಷ್ಟೋ ಸೆಟ್ಟುಗಳು ಜರ್ಮನ್ ಅಥವಾ ಜೆಕ್ ಪುಟಗಳಲ್ಲಿ ಪ್ರತ್ಯಕ್ಷವಾದದ್ದು ಹೀಗೆ.

ಚಿತ್ರಕ್ಕೂ ಕೈಯಲ್ಲಿರುವ ಪಾತ್ರೆಗೂ ಹೋಲಿಕೆ ಇದೆ ಎಂದು ಅನ್ನಿಸಿದರೆ ಸಾಲದು. ಸೂರ್ಯನ ಕಿರಣದಂಥ ತಳವಿದ್ದರೆ ಕಿರಣಗಳನ್ನು ಎಣಿಸಬೇಕು. ಡಬ್ಬಿಯ ಸುತ್ತ ಎಷ್ಟು ಏಣುಗಳಿವೆ, ಮುಚ್ಚಳದ ಹಿಡಿ ಎಷ್ಟು ಮೂಲೆಯದು, ತಟ್ಟೆಯ ಉದ್ದ ಎಷ್ಟು ಮಿಲಿಮೀಟರು ಎಂದು ಬರೆದಿಟ್ಟುಕೊಳ್ಳಬೇಕು. ಜರ್ಮನ್ ಪುಟಗಳಲ್ಲಿ ಅಳತೆ ಮೆಟ್ರಿಕ್, ಇಂಗ್ಲಿಷ್ ಪುಟಗಳಲ್ಲಿ ಅಂಗುಲ. ಕ್ಯಾಟಲಾಗಿನಲ್ಲಿ 320 ಮಿಲಿಮೀಟರು ಎಂದಿರುವ ತಟ್ಟೆ ನಿಮ್ಮ ಕೈಯಲ್ಲಿ 305 ಇದ್ದರೆ ಅದು ಬೇರೆ ಅಚ್ಚು, ಚಿತ್ತಾರ ಎಷ್ಟೇ ಹೋಲಲಿ. ಹಳೆಯ ಕ್ಯಾಟಲಾಗುಗಳಲ್ಲಿ ಫೋಟೊ ಬದಲು ಕೈಯಿಂದ ಬರೆದ ಚಿತ್ರಗಳೂ ಇರುವುದರಿಂದ ಕಲಾವಿದನ ಕೈಚಳಕಕ್ಕೂ ಸ್ವಲ್ಪ ಜಾಗ ಬಿಡಬೇಕು. ಸಗಟು ವರ್ತಕರ ಕ್ಯಾಟಲಾಗಾದರೆ ಇನ್ನೂ ಎಚ್ಚರ ಬೇಕು. ಒಂದೇ ಪುಟದಲ್ಲಿ ಮೂರು ಕಾರ್ಖಾನೆಗಳ ಮಾಲು ಅಕ್ಕಪಕ್ಕ ಕೂತಿರುತ್ತದೆ, ಯಾರ ಹೆಸರೂ ಇರುವುದಿಲ್ಲ.

ಕೈಯಲ್ಲಿರುವ ಸೆಟ್ಟು ನಿಜವಾಗಿ ಒಂದೇ ಸೆಟ್ಟೇ ಎಂಬುದನ್ನೂ ಪರೀಕ್ಷಿಸಬೇಕು. ತೊಂಬತ್ತು ವರ್ಷಗಳಲ್ಲಿ ಒಂದಲ್ಲ ಒಂದು ತುಂಡು ಒಡೆದಿರುತ್ತದೆ, ಅದರ ಜಾಗಕ್ಕೆ ಬಣ್ಣ ಹೊಂದುವ ಇನ್ನಾವುದೋ ಬಂದಿರುತ್ತದೆ. ಹೀಗೆ ಜೋಡಿಸಿದ್ದಕ್ಕೆ ಅಲ್ಲಿನ ವ್ಯಾಪಾರಿಗಳು ‘ಮದುವೆ’ ಎನ್ನುತ್ತಾರೆ. ಮುಚ್ಚಳ ಡಬ್ಬಿಯ ಮೇಲೆ ಅಲುಗಾಡಿದರೆ, ಎರಡರ ಹಸಿರನ್ನು ಬಿಳಿ ಕಾಗದದ ಮೇಲಿಟ್ಟಾಗ ಕೂದಲೆಳೆಯ ವ್ಯತ್ಯಾಸ ಕಂಡರೆ ಅನುಮಾನಿಸಬೇಕು. ಬ್ಯಾಗ್ಲಿಯ ತಟ್ಟೆಯ ಮೇಲೆ ವಾಲ್ಟರ್‌ನ ಸ್ಟ್ಯಾಂಡುಗಳನ್ನಿಟ್ಟು ಕಾರ್ಖಾನೆ ಹುಡುಕಲು ಹೊರಟರೆ ಯಾವ ಕ್ಯಾಟಲಾಗೂ ಸಹಾಯಕ್ಕೆ ಬರುವುದಿಲ್ಲ.

1945ರ ನಂತರದ ಕಥೆ ಈ ಹುಡುಕಾಟವನ್ನು ಇನ್ನಷ್ಟು ತೊಡಕಾಗಿಸುತ್ತದೆ. ಬ್ರಾಕ್‌ವಿಟ್ಸ್ ಕಾರ್ಖಾನೆಯನ್ನು ಸೋವಿಯತ್ ಆಡಳಿತ ಬಿಚ್ಚಿ ಸಾಗಿಸಿತು. ಜೆಕೊಸ್ಲೊವಾಕಿಯದಲ್ಲಿ ಜರ್ಮನ್ ಮಾತಾಡುವ ಜನರನ್ನು ಹೊರಗಟ್ಟಲಾಯಿತು, ಕಾರ್ಖಾನೆಗಳು ರಾಷ್ಟ್ರೀಕರಣವಾದವು, ಯಾರದೋ ಅಚ್ಚುಗಳು ಇನ್ಯಾರದೋ ಉಗ್ರಾಣ ಸೇರಿದವು. ದುಬಿಯ ಇನ್ವಾಲ್ಡ್ ಕಾರ್ಖಾನೆ ‘ರುಡಾಲ್ಫೊವಾ ಹುತ್’ ಎಂಬ ಹೆಸರಿನಲ್ಲಿ ಮುಂದುವರಿದು 1965ರಲ್ಲಿ ‘ಸ್ಕ್ಲೊ ಯೂನಿಯನ್’ ಎಂಬ ಸರ್ಕಾರಿ ಒಕ್ಕೂಟದ ಭಾಗವಾಯಿತು. ಹಾಫ್ಮನ್, ಶ್ಲೆವೋಗ್ಟ್ ಅಚ್ಚುಗಳಲ್ಲಿ ಎಷ್ಟೋ ಯಾಬ್ಲೊನೆಟ್ಸ್ ಪಕ್ಕದ ದೆಸ್ನಾದಲ್ಲಿ ಉಳಿದು, ಯುದ್ಧದ ನಂತರವೂ ಗಾಜು ಒತ್ತಿದವು. ಅಚ್ಚು ಅಸಲಿ, ವಿನ್ಯಾಸ ಅಸಲಿ, ಊರೂ ಹೆಚ್ಚುಕಡಿಮೆ ಅದೇ, ಗಾಜು ಮಾತ್ರ ನಾಲ್ಕೈದು ದಶಕ ಈಚಿನದು. ಅದನ್ನು ನಕಲಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ, 1934ರದ್ದು ಎಂದು ಮಾರುವುದು ಮಾತ್ರ ಮೋಸವೇ. ಅಂಚುಗಳು ಎಷ್ಟು ಚೂಪಾಗಿ ಮುಗಿದಿವೆ, ತಳದ ಪಾಲಿಶ್ ಎಷ್ಟು ಸವೆದಿದೆ, ಮೇಜಿಗೆ ಉಜ್ಜಿದ ಗೀರುಗಳು ಅಡ್ಡಾದಿಡ್ಡಿಯಾಗಿವೆಯೋ ಅಥವಾ ಮರಳುಕಾಗದದಿಂದ ಎಳೆದಂತೆ ಒಂದೇ ದಿಕ್ಕಿನಲ್ಲಿವೆಯೋ ಎಂದು ಭೂತಗನ್ನಡಿ ಹಿಡಿದು ನೋಡುವುದೊಂದೇ ದಾರಿ.

ಇಷ್ಟೆಲ್ಲ ಆದ ಮೇಲೆ ಸಂಗ್ರಾಹಕರು ತಮ್ಮ ಪಟ್ಟಿಯಲ್ಲಿ ಒಂದು ಹೆಸರಿನ ಬದಲು ನಾಲ್ಕು ಅಂಕಣ ಇಟ್ಟುಕೊಳ್ಳುವುದು ಮೇಲು: ವಿನ್ಯಾಸ, ಅಚ್ಚು, ಕುಲುಮೆ, ವರ್ತಕ. ‘ಜಾಕೋಬಿಯನ್’ ಡಬ್ಬಿಯೊಂದಕ್ಕೆ ವರ್ತಕನ ಅಂಕಣದಲ್ಲಿ ಕ್ಲೇಟನ್ ಮೇಯರ್ಸ್ ಎಂದು ಧೈರ್ಯವಾಗಿ ಬರೆಯಬಹುದು. ಕುಲುಮೆಯ ಅಂಕಣದಲ್ಲಿ ಇನ್ವಾಲ್ಡ್ ಅಥವಾ ಡೇವಿಡ್‌ಸನ್ ಎಂದು ಪೆನ್ಸಿಲಿನಲ್ಲಿ ಬರೆದು, ತಳದ ‘ಜೆಕೊಸ್ಲೊವಾಕಿಯ’ ಮುದ್ರೆಯೋ ಕ್ಯಾಟಲಾಗಿನ ಅಳತೆಯೋ ಸಿಕ್ಕ ದಿನ ಒಂದನ್ನು ಅಳಿಸಬೇಕು.